ಕಾಡಸಿದ್ದಪ್ಪನ ಹೆಸರಿನ ಹುಳು

ಜೀಪು ಬರುವುದು ಹನ್ನೊಂದರ ಮೇಲೆ ಎಂದು ಗೊತ್ತಿದ್ದೂ ಕಾಡಸಿದ್ದಪ್ಪ ಹೊತ್ತು ಹುಟ್ಟುತ್ತಲೇ ಒಗೆದ ಪಂಚೆ ಉಟ್ಟು ಜಗಲಿಯ ಮೇಲೆ ಕೂತುಬಿಟ್ಟಿದ್ದ. ತೋಟಕ್ಕೆ ಹೋದರೆ ಪಂಚೆ ಮಣ್ಣಾಗುತ್ತೆ, ಅಟ್ಟ ಹತ್ತಿದರೆ ಮಸಿಯಾಗುತ್ತೆ, ಒಳಗೆ ಹೋದರೆ ಹೆಂಡತಿ ಗುರುಸಿದ್ದಮ್ಮ ಏನಾದರೂ ಕೇಳುತ್ತಾಳೆ. ಹಾಗಾಗಿ ಅರವತ್ತು ದಾಟಿದ ಗಂಡಸು ತನ್ನದೇ ಮನೆಯ ಜಗಲಿಯ ಮೇಲೆ ನೆಂಟನ ಹಾಗೆ ಕೂತು, ಬಿಳಿಗೆರೆಯ ದಾರಿಯಲ್ಲಿ ಹೋಗಿಬರುವವರ ಕಣ್ಣಿಗೆಲ್ಲ ಬೀಳುತ್ತಿದ್ದ. ಏನಣ್ಣ, ಬೀಗರು ಬರ್ತಾವ್ರಾ ಎಂದು ಎತ್ತು ಹೊಡೆದುಕೊಂಡು ಹೊರಟಿದ್ದ ಒಬ್ಬ ಕೇಳಿದ. ಕೇಳಿದವನಿಗೇ ಆಮೇಲೆ ಹೊಳೆಯಿತು, ಮಕ್ಕಳಿಲ್ಲದ ಮನೆಗೆ ಯಾವ ಬೀಗರು ಎಂದು. ಅವನು ಎತ್ತಿಗೆ ಸುಮ್ಮನೆ ಒಂದು ಬಾರಿಸಿ ಬೇಗ ದಾಟಿಕೊಂಡ. ಎತ್ತು ಪಾಪ ಏನೂ ಮಾಡಿರಲಿಲ್ಲ. ಕಾಡಸಿದ್ದಪ್ಪ ಪಂಚೆಯ ನೆರಿಗೆ ಸರಿಮಾಡಿಕೊಂಡ. ಕಾಲೇಜಿನವರು ಬಸವನ ಹುಳು ನೋಡುವುದಕ್ಕೆ ಬರುತ್ತಿದ್ದಾರೆ ಎಂದು ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಹುಳುವಿಗೆ ತನ್ನ ಹೆಸರು ಇಡುವುದಕ್ಕೆ ಬರುತ್ತಿದ್ದಾರೆ ಎಂದು ಹೇಳುವುದು ದೂರದ ಮಾತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಮಳೆಗಾಲದಿಂದ ಈ ಬಿಸಿಲುಗಾಲದವರೆಗೆ ಆ ಮಾತನ್ನು ಬಾಯಲ್ಲಿ ಬೆಲ್ಲದ ಚೂರಿನ ಹಾಗೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೊರಳಿಸಿಕೊಂಡು ಇದ್ದುಬಿಟ್ಟಿದ್ದ.

ಆ ಮಾತು ಕೊಟ್ಟವರು ಲೆಕ್ಚರರ್ ಹುಚ್ಚರಂಗಯ್ಯನವರು. ತುರುವೇಕೆರೆ ಕಡೆಯವರು, ಓದಿ ಮೇಲೆ ಬಂದವರು. ಕಾಲೇಜಿನಲ್ಲಿ ಹೆಸರಿನ ಮುಂದಿನ ಅರ್ಧವನ್ನು ಒಂದು ಅಕ್ಷರಕ್ಕೆ ಇಳಿಸಿಕೊಂಡು ಎಚ್. ರಂಗಯ್ಯ ಎಂದು ಬರೆದುಕೊಳ್ಳುತ್ತಿದ್ದರು. ಹೋದ ಮಳೆಗಾಲದಲ್ಲಿ ಪ್ಯಾಂಟು ಮಡಿಸಿಕೊಂಡು, ಕೊಡೆ ಹಿಡಿದು, ತೆಂಗಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವರನ್ನು ನೋಡಿ ಕಾಡಸಿದ್ದಪ್ಪ ಬಹಿರ್ದೆಸೆಗೆ ಕೂತಿದ್ದಾರೆಂದು ಮುಖ ತಿರುಗಿಸಿ ನಿಂತಿದ್ದ. ಆಮೇಲೆ ತಿಳಿಯಿತು, ಅವರು ಹುಳು ಹುಡುಕುತ್ತಿದ್ದರು. ನೆಲದ ಮೇಲಿನ ಬಸವನ ಹುಳುಗಳಲ್ಲಿ ಎಷ್ಟು ಜಾತಿ, ಯಾವ ಜಾತಿ ಯಾವ ಊರಲ್ಲಿ ಐತೆ, ಯಾವ ಊರಲ್ಲಿ ಇಲ್ಲ, ಇದನ್ನು ಬರೆಯುವುದಕ್ಕೆ ಸರ್ಕಾರ ದುಡ್ಡು ಕೊಟ್ಟಿದೆಯಂತೆ. ಜಾತಿ ಅಂದಮೇಲೆ ಯಾವುದು ಯಾವುದರ ಮನೆಯಲ್ಲಿ ಉಣ್ಣುತ್ತೆ ಎಂದು ಕೇಳಬೇಕು ಅನ್ನಿಸಿತು; ಓದಿದವರು, ಬೇಜಾರು ಮಾಡಿಕೊಂಡಾರು ಎಂದು ಕೇಳಲಿಲ್ಲ. ಚಿಕ್ಕನಾಯಕನಹಳ್ಳಿಯ ಗುಡ್ಡದ ಬಂಡೆಸಂದಿಯಲ್ಲಿ ಉದ್ದ ಮೂತಿಯವು, ಅರಳಗುಪ್ಪೆಯ ಗುಡಿಯ ಹಿಂದಿನ ಕಲ್ಲುಗೋಡೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣವು, ರಾಗಿ ಹೊಲದಲ್ಲಿ ಒಂದೂ ಇಲ್ಲ, ತೆಂಗಿನ ತೋಟದ ತಂಪಿನಲ್ಲಿ ಚಪ್ಪಟೆಯವು, ಉಂಡೆಯವು, ಪಟ್ಟೆ ಇರುವವು. ಹುಚ್ಚರಂಗಯ್ಯನವರು ಹೇಳುತ್ತ ಹೇಳುತ್ತ ನಕ್ಷೆ ಬಿಡಿಸಿ ಗುಂಡುಸೂಜಿ ಚುಚ್ಚಿ ತೋರಿಸಿದರು. ಕಾಡಸಿದ್ದಪ್ಪ ತನ್ನ ತೋಟ ಎಲ್ಲಿ ಎಂದು ಕೇಳಿದ. ಇಲ್ಲಿ ಎಂದು ಅವರು ಬೆರಳಿಟ್ಟ ಕಡೆ ಬೆರಳಿನ ಉಗುರಷ್ಟೇ ಕಂಡಿತು. ತೋಟವಿರಲಿ, ಬಿಳಿಗೆರೆಯೂ ಉಗುರಿನ ಕೆಳಗೆ ಹೋಗಿತ್ತು.

ಅಂದೇ ಅವರಿಗೆ ಒಂದು ಒಡೆದ ಚಿಪ್ಪು ಸಿಕ್ಕಿತು. ಬಸವನ ಹುಳುವಿನ ಸುತ್ತು ಬಲಕ್ಕೆ ತಿರುಗಿರುತ್ತದಂತೆ. ಇದು ಎಡಕ್ಕೆ ತಿರುಗಿತ್ತು. ಅರವತ್ತು ವರ್ಷ ಆ ಹುಳುಗಳ ಮೇಲೆ ಕಾಲಿಡದ ಹಾಗೆ ಓಡಾಡಿದ ಕಾಡಸಿದ್ದಪ್ಪನಿಗೆ ಅದು ಯಾವ ಕಡೆ ತಿರುಗಿದೆ ಎಂದು ನೋಡುವ ದರ್ದು ಎಂದೂ ಬಂದಿರಲಿಲ್ಲ. ಹುಚ್ಚರಂಗಯ್ಯನವರು ಮಾತ್ರ ಚಿಪ್ಪನ್ನು ಅಂಗೈಮೇಲಿಟ್ಟುಕೊಂಡು ಮಳೆಯಲ್ಲಿ ಕೊಡೆ ಬಿಟ್ಟು ನಿಂತರು. ಎಡಕ್ಕೆ ತಿರುಗಿದವು ಬೇರೆ ಕಡೆಯೂ ಇವೆ ಯಜಮಾನ್ರೇ, ಆದರೆ ಈ ಪಟ್ಟೆ, ಈ ಅಂಚು ನಾನು ನೋಡಿಲ್ಲ ಅಂದರು. ಬೇರೆ ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದರು. ಬದುವಿನ ಆಚೆ ತಮ್ಮ ತೋಂಟದಾರ್ಯನ ತೋಟ. ಅಪ್ಪ ಸತ್ತ ಮೇಲೆ ಪಾಲಾಗಿ, ಒಂದೇ ತೋಟಕ್ಕೆ ನಡುವೆ ಬದು ಬಂದದ್ದು. ಆ ಬದುವಿನ ಮೇಲೆ ಈ ಹುಳುಗಳು ಬೆಳಗಿನ ಹೊತ್ತು ಆಚೆಗೂ ಈಚೆಗೂ ಹೋಗುವುದನ್ನು, ಪಾಲಾದ ಮೇಲೆ ಅಣ್ಣತಮ್ಮಂದಿರು ಹೋಗಿಬಂದದ್ದಕ್ಕಿಂತ ಹೆಚ್ಚಾಗಿಯೇ, ಅವನು ನೋಡಿದ್ದ. ಆದರೂ ಬಾಯಿ, ‘ಇಲ್ಲ ಮೇಷ್ಟ್ರೇ, ನಮ್ ತೋಟ ಬುಟ್ರೆ ಇನ್ನೆಲ್ಲೂ ಇಲ್ಲ’ ಅಂದುಬಿಟ್ಟಿತು. ಹಾಗಾದರೆ ಇದು ಹೊಸದೇ ಆದರೆ ನಿಮ್ಮ ಹೆಸರೇ ಇಟ್ಟುಬಿಡೋಣ, ಲ್ಯಾಟಿನ್ನಿನಲ್ಲಿ ಹೆಸರಿನ ಕೊನೆಗೆ ಒಂದು ಐ ಸೇರಿಸಿದರೆ ಆಯಿತು, ಕಾಡಸಿದ್ದಪ್ಪೈ, ಲೋಕ ಇರೋವರೆಗೂ ಇರ್ತದೆ ಎಂದು ಅವರು ನಕ್ಕರು. ಅವರು ನಕ್ಕಿದ್ದು ಮರೆತರೇನೋ. ಇವನು ಮರೆಯಲಿಲ್ಲ.

ಮರೆಯುವುದಕ್ಕೆ ಆಗುತ್ತಿರಲಿಲ್ಲ, ಯಾಕೆಂದರೆ ಆ ಹೆಸರು ಅವನೊಬ್ಬನದಲ್ಲ. ತಾತನದು. ತಾತನ ತಾತನದು. ಒಂದು ತಲೆ ಬಿಟ್ಟು ಒಂದು ತಲೆಗೆ ಆ ಮನೆಯಲ್ಲಿ ಒಬ್ಬ ಕಾಡಸಿದ್ದಪ್ಪ ತೊಟ್ಟಿಲಲ್ಲಿ ಮಲಗುತ್ತಿದ್ದ, ಕಿವಿಯಲ್ಲಿ ಹೆಸರು ಹೇಳಿಸಿಕೊಂಡು ಎದ್ದು ಬರುತ್ತಿದ್ದ. ಇವನ ತೊಟ್ಟಿಲು ಅಟ್ಟದ ಮೂಲೆಯಲ್ಲಿ ತೆಂಗಿನಕಾಯಿ ತುಂಬಿಕೊಂಡು ಕೂತಿತು. ತೋಂಟದಾರ್ಯನ ಮೊಮ್ಮಗನ ನಾಮಕರಣದ ದಿವಸ ಇವನು ಹೊಸ ಅಂಗಿ ಹೊಲಿಸಿಕೊಂಡಿದ್ದ. ಇಡುವುದಾದರೆ ಇದೇ ಹೆಸರು, ಮನೆಯಲ್ಲಿ ದೊಡ್ಡವನು ತಾನಿದ್ದೇನೆ ಎಂದು ತೊಟ್ಟಿಲ ಪಕ್ಕದಲ್ಲೇ ಜಾಗ ಹಿಡಿದಿದ್ದ. ತುಮಕೂರಿನ ಸೊಸೆ ಒಳಗಿನಿಂದ, ಇಸ್ಕೂಲಲ್ಲಿ ಹುಡುಗರು ಕಾಡಾ ಕಾಡಾ ಅಂತ ಕೂಗ್ತಾರೆ ಕಣ್ರೀ, ಬೇಡ ಅಂದದ್ದು ಜಗಲಿಯವರೆಗೂ ಕೇಳಿತು. ಪ್ರವೀಣ ಎಂದು ಇಟ್ಟರು. ತೋಂಟದಾರ್ಯ ಎಲೆಯ ಮೇಲೆ ಇನ್ನೊಂದು ಒಬ್ಬಟ್ಟು ಹಾಕಿಸಿ, ತಿನ್ನಣ್ಣ ತಿನ್ನು ಎಂದು ಬೆನ್ನು ಸವರಿದ. ಕಾಡಸಿದ್ದಪ್ಪ ತಿಂದ. ಅದನ್ನು ನೆನೆದರೆ ಈಗಲೂ ಗಂಟಲಲ್ಲಿ ಹೂರಣ ನಿಂತ ಹಾಗಾಗುತ್ತಿತ್ತು. ಅಂಥ ಹೊತ್ತಿನಲ್ಲಿ, ಹುಳುವಾದರೇನಂತೆ, ಬಸವಣ್ಣನ ಹೆಸರನ್ನೇ ಹೊತ್ತುಕೊಂಡು ತಿರುಗುವ ಜೀವ, ಅದರ ಮೇಲೆ ತನ್ನದೂ ಒಂದಿಷ್ಟು ಇದ್ದರೆ ಅದಕ್ಕೇನು ಭಾರವೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಗುರುಸಿದ್ದಮ್ಮನದು ಒಂದೇ ಮಾತಿತ್ತು. ಚಿಪ್ಪು ಕೊಡಿ, ಜೀವ ಕೊಡಬೇಡಿ. ದಿನಾ ಲಿಂಗಪೂಜೆ ಮಾಡಿ ಅನ್ನ ಮುಟ್ಟುವ ಹೆಂಗಸು. ಬಸಳೆ ಚಪ್ಪರದಲ್ಲಿ ಹುಳು ಕಂಡರೆ ಎಲೆಯ ಸಮೇತ ಕಿತ್ತು ತಿಪ್ಪೆಯ ಪಕ್ಕದ ತಂಪಿಗೆ ಬಿಟ್ಟು ಬರುವವಳು. ಹಾಗಾಗಿ ಲೆಕ್ಚರರು ಹೋದ ಮೇಲೆ ಕಾಡಸಿದ್ದಪ್ಪ ಸತ್ತ ಹುಳುವಿನ ಚಿಪ್ಪುಗಳನ್ನಷ್ಟೇ ಆರಿಸುತ್ತ ಬಂದ. ಮಳೆ ಹೋಗಿ ಬಿಸಿಲು ಬಿದ್ದ ಮೇಲೆ ತೆಂಗಿನ ಮಟ್ಟೆಯ ರಾಶಿಯ ಕೆಳಗೆ, ಕಲ್ಲಿನ ಸಂದಿಯಲ್ಲಿ, ಮರದ ಬುಡದಲ್ಲಿ ಬೇಕಾದಷ್ಟು ಸಿಕ್ಕವು, ಬಾಯಿಗೆ ಒಣಗಿದ ಎಂಜಲಿನಂಥ ಬಿಳಿ ಪರೆ ಕಟ್ಟಿಕೊಂಡು. ಸತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ಅದಕ್ಕೆ ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿ ಆಗುವ ಊರಿನಲ್ಲಿ ಹುಟ್ಟಿದವನು. ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಗುಳಕ್ ಅಂದರೆ ಇನ್ನೂ ನೀರಿದೆ, ಇರಲಿ. ಆ ಸದ್ದು ಅಡಗಿದರೆ ನೀರು ಇಂಗಿತು. ಒಂದೊಂದು ಹುಳುವನ್ನೂ ಹಾಗೇ ಕಿವಿಗೆ ಹಿಡಿದು ಕುಲುಕಿದ. ಒಂದೂ ಗುಳಕ್ ಅನ್ನಲಿಲ್ಲ. ಎಲ್ಲಾ ಒಣಗವೆ ಎಂದು ತೀರ್ಮಾನ ಮಾಡಿ ಮಂಕರಿ ಬುಟ್ಟಿಗೆ ತುಂಬಿ, ಅಟ್ಟದ ಮೇಲೆ ಕಾಯಿಗಳ ಪಕ್ಕದಲ್ಲೇ ಇಟ್ಟ. ಪಟ್ಟೆ ಇರುವ ಎಡದ್ದು ಒಂದೇ ಒಂದು ಇಡಿಯಾಗಿ ಸಿಕ್ಕಿತು. ಅದನ್ನು ಬೇರೆಯಾಗಿ, ತೊಟ್ಟಿಲಿನಲ್ಲಿ ಕಾಯಿಗಳ ನಡುವೆ ಬಟ್ಟೆಯ ಚೂರಿನಲ್ಲಿ ಇಟ್ಟ. ಇಟ್ಟು ಇಳಿಯುವಾಗ ಏಣಿಯ ಮೇಲೆ ಯಾಕೋ ನಾಚಿಕೆಯಾಯಿತು.

ಜೀಪು ಬಂದಾಗ ಹನ್ನೆರಡು ದಾಟಿತ್ತು. ಹುಚ್ಚರಂಗಯ್ಯನವರ ಜೊತೆ ಅವರ ವಿಭಾಗದ ಮುಖ್ಯಸ್ಥರು ಬಂದಿದ್ದರು. ದಪ್ಪ ಕನ್ನಡಕ, ಬಿಳಿ ಬೂಟು. ಸಮುದ್ರದ ಚಿಪ್ಪುಗಳ ಮೇಲೆ ಬರೆದು ದೊಡ್ಡವರಾದವರಂತೆ, ನೆಲದ ಹುಳುವಿನ ಮೇಲೆ ಅಷ್ಟೇನೂ ಗೌರವ ಇರಲಿಲ್ಲ. ಮಾರ್ಚಿ ಮುಗಿಯುವುದರೊಳಗೆ ಸರ್ಕಾರದ ದುಡ್ಡು ಖರ್ಚು ಮಾಡದಿದ್ದರೆ ವಾಪಸು ಹೋಗುತ್ತದೆ, ಅದಕ್ಕೇ ಈ ಬಿಸಿಲಲ್ಲಿ ಬಂದದ್ದು ಎಂದು ಅವರೇ ಹೇಳಿದರು. ಈ ಕಾಲದಲ್ಲಿ ಹುಳು ಒಂದೂ ಹೊರಗೆ ಬರುವುದಿಲ್ಲವಲ್ಲ ಎಂದು ಕಾಡಸಿದ್ದಪ್ಪ ಅಂದದ್ದಕ್ಕೆ, ಹೌದು, ಹುಳುವಿಗೆ ಮಾರ್ಚಿ ಗೊತ್ತಾಗೋದಿಲ್ಲ ಅಂದರು. ಅದು ತಮಾಷೆಯೋ ಬೈಗುಳವೋ ತಿಳಿಯದೆ ಇವನು ಅರ್ಧ ನಕ್ಕ. ಕರವಸ್ತ್ರದಿಂದ ಜಗಲಿ ಒರೆಸಿ ಕೂತು ಎಳನೀರು ಕುಡಿದು, ಆ ದೊಡ್ಡ ಮೇಷ್ಟ್ರು ಮಂಕರಿ ತರಿಸಿದರು. ಚಿಪ್ಪುಗಳ ಮೇಲೆ ಅಟ್ಟದ ಮಸಿ ಕೂತಿತ್ತು. ತೊಳೀರಿ ಅಂದರು. ಹುಚ್ಚರಂಗಯ್ಯನವರು ತಾವೇ ಹಿತ್ತಾಳೆ ಬೋಗುಣಿಗೆ ನೀರು ಹಾಕಿ, ಚಿಪ್ಪುಗಳನ್ನು ಸುರಿದು, ಹೆಣ್ಣುಮಕ್ಕಳು ಅಕ್ಕಿ ತೊಳೆಯುವ ಹಾಗೆ ಕೈಯಾಡಿಸಿ, ಮೊರದ ಮೇಲೆ ಹರಡಿದರು. ಕಾಡಸಿದ್ದಪ್ಪ ತೊಟ್ಟಿಲಿನಿಂದ ಇಳಿಸಿ ತಂದ ಎಡದ್ದನ್ನೂ ತೊಳೆದು ಮೊರದ ನಡುವೆ ಇಟ್ಟರು. ಆಮೇಲೆ ಯಾವ ಊರಿನದು ಯಾವುದು ಎಂದು ಬರೆದಿಟ್ಟುಕೊಂಡಿದ್ದ ಚೀಟಿಗಳನ್ನು ಹೊರಗೆ ತೆಗೆದರು. ಮಾತು ನಡೆಯಿತು. ತಿಪಟೂರಿನ ಕೊಬ್ಬರಿ ಸಂತೆಯ ಧಾರಣೆ ಕೇಳಿದರು, ತೆಂಗಿನ ಮರಕ್ಕೆ ಆಯಸ್ಸು ಎಷ್ಟು ಎಂದು ಕೇಳಿದರು, ಮಕ್ಕಳೆಷ್ಟು ಎಂದು ಕೇಳಿದರು. ಕೊನೆಯದಕ್ಕೆ ಕಾಡಸಿದ್ದಪ್ಪ ತೋಟದ ಕಡೆ ನೋಡಿದ. ಇಲ್ಲ ಅನ್ನುವುದು ಸಣ್ಣ ಮಾತು. ಆದರೂ ಪ್ರತಿ ಸಲ ಅದನ್ನು ಹೇಳುವಾಗ ಕೇಳಿದವರೇ ತಪ್ಪು ಮಾಡಿದವರ ಹಾಗೆ ಮುಖ ಮಾಡಿಕೊಳ್ಳುತ್ತಾರೆ, ಅವರನ್ನು ಸಮಾಧಾನ ಮಾಡುವ ಕೆಲಸವೂ ಇವನ ಮೇಲೇ ಬೀಳುತ್ತದೆ.

ಆಗಲೇ ಗುರುಸಿದ್ದಮ್ಮ ಬಾಗಿಲಲ್ಲಿ ಬಂದು ನಿಂತವಳು ಮೊರದ ಕಡೆ ನೋಡಿ, ಏನ್ರೀ ಇದು ಅಂದಳು. ಮೊರ ನಡೆಯುತ್ತಿತ್ತು. ಒಂದು ಚಿಪ್ಪು ಅಲ್ಲಾಡಿತು, ಅದರ ಪಕ್ಕದ್ದು ಅಲ್ಲಾಡಿತು. ಬಾಯಿಯ ಬಿಳಿ ಪರೆ ಒಡೆದು, ಒದ್ದೆ ನಾಲಗೆಯಂಥದು ಹೊರಗೆ ಬಂದು, ಕೊಂಬು ಒಂದೊಂದಾಗಿ ಎದ್ದವು. ಸತ್ತವು ಎಂದು ಇವನು ಕುಲುಕಿ ಕುಲುಕಿ ಅಟ್ಟಕ್ಕೆ ಹಾಕಿದ್ದ ಹುಳುಗಳೆಲ್ಲ ನೀರು ಕಂಡು ಎದ್ದು ಕೂತಿದ್ದವು. ಒಂದು ಮೊರದ ಅಂಚು ದಾಟಿ ಅರಳಗುಪ್ಪೆ ಎಂದು ಬರೆದಿಟ್ಟ ಚೀಟಿಯ ಮೇಲೆ ಹತ್ತಿ ಅದರ ಮೂಲೆಯನ್ನು ಕೆರೆದು ತಿನ್ನತೊಡಗಿತ್ತು. ಒಣಗವೆ ಅಂದ್ರಲ್ಲ ಯಜಮಾನ್ರೇ ಎಂದು ಹುಚ್ಚರಂಗಯ್ಯನವರು ಕೇಳಿದರು. ಕುಲುಕಿ ನೋಡಿದ್ದೆ ಅಂದ ಕಾಡಸಿದ್ದಪ್ಪ. ಏನು ಕುಲುಕಿದಿರಿ ಎಂದು ದೊಡ್ಡ ಮೇಷ್ಟ್ರು ಕೇಳಿದರು. ಇವನು ಬರಿಗೈಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ ತೋರಿಸಿದ, ತೋರಿಸುತ್ತಿರುವಾಗಲೇ ಅದು ಎಂಥ ದಡ್ಡತನ ಎಂದು ತನಗೇ ಗೊತ್ತಾಯಿತು, ಆದರೂ ಕೈ ನಿಲ್ಲಲಿಲ್ಲ. ಜೀಪಿನ ಡ್ರೈವರು ಆಚೆ ತಿರುಗಿ ಭುಜ ಕುಣಿಸುತ್ತಿದ್ದ. ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಗುರುಸಿದ್ದಮ್ಮ ನಗಲಿಲ್ಲ. ಇಷ್ಟು ದಿವಸ ಈ ಜೀವಗಳು ನಮ್ಮ ತಲೆಯ ಮೇಲೆ, ಅಟ್ಟದಲ್ಲಿ, ಉಪವಾಸ ಇದ್ದವಾ ಎನ್ನುವಂತೆ ಒಂದು ಸಲ ಮೇಲಕ್ಕೆ ನೋಡಿ ಒಳಗೆ ಹೋದಳು.

ನಗು ನಿಂತದ್ದು ಎಡದ್ದು ಕೊಂಬು ತೆಗೆದಾಗ. ಬರೀ ಚಿಪ್ಪು ಇಟ್ಟುಕೊಂಡು ಹೊಸ ಜಾತಿ ಅಂದರೆ ಯಾರೂ ಒಪ್ಪುವುದಿಲ್ಲ, ಒಳಗಿನ ಅಂಗ ಕುಯ್ದು ನೋಡಬೇಕು, ಜೀವಂತ ಸಿಕ್ಕಿದ್ದು ನಮ್ಮ ಪುಣ್ಯ ಎಂದು ಹುಚ್ಚರಂಗಯ್ಯನವರು ದೊಡ್ಡ ಮೇಷ್ಟ್ರಿಗೆ ಇಂಗ್ಲಿಷಿನಲ್ಲೂ ಇವನಿಗೆ ಕನ್ನಡದಲ್ಲೂ ಹೇಳಿದರು. ದೊಡ್ಡ ಮೇಷ್ಟ್ರು ಈಗ ಹುಳುವನ್ನು ಗೌರವದಿಂದ ನೋಡಿ, ಹೆಸರು ಏನಿಡ್ತೀರಿ, ನಿಮ್ಮದೇ ಇಟ್ಟುಕೊಳ್ಳಿ ಅಂದರು. ಲೆಕ್ಚರರ ಮುಖ ಕೆಂಪಾಯಿತು. ಎಚ್. ರಂಗಯ್ಯನವರು ಮುಚ್ಚಿಟ್ಟುಕೊಂಡ ಅರ್ಧ ಹೆಸರು ಲ್ಯಾಟಿನ್ನಿನಲ್ಲಿ ಲೋಕ ಇರೋವರೆಗೂ ಬಿಚ್ಚಿಕೊಂಡು ಕೂರುವುದು ಅವರ ಕಣ್ಣ ಮುಂದೆ ಬಂದಿರಬೇಕು. ಇಲ್ಲ ಸಾರ್, ತೋಟದ ಯಜಮಾನರಿಗೆ ಮಾತು ಕೊಟ್ಟಿದೀನಿ ಅಂದರು. ಇಡೀ ಲೋಕದಲ್ಲಿ ಈ ತೋಟ ಒಂದರಲ್ಲೇ ಇರೋದು ಅಂತ ಅವರೇ ಹೇಳಿದಾರೆ ಅಂದರು. ದೊಡ್ಡ ಮೇಷ್ಟ್ರು ಕಾಡಸಿದ್ದಪ್ಪನನ್ನು ಮೇಲಿಂದ ಕೆಳಗೆ ನೋಡಿ, ಏನು ಹೆಸರು ಅಂದರು. ಹೇಳಿದ. ಉದ್ದವಾಯ್ತು, ಆದರೂ ಪರವಾಗಿಲ್ಲ, ಹುಳುವಿಗೇನು ಬರೆಯೋ ಕಷ್ಟ ಇಲ್ಲವಲ್ಲ ಅಂದರು. ಆ ಮಾತು ಚುಚ್ಚಬೇಕಾಗಿತ್ತು. ಚುಚ್ಚಲಿಲ್ಲ. ಕಾಡಸಿದ್ದಪ್ಪನಿಗೆ ಎದೆಯೊಳಗೆ ಏನೋ ಕೂತು ತೊಟ್ಟಿಲು ತೂಗಿದ ಹಾಗಾಗುತ್ತಿತ್ತು. ಆಗಲಿ ಸ್ವಾಮಿ ಅಂದ. ಸಾಯಿಸುವುದಕ್ಕೆ ಆಗಲಿ ಅಂದೆನಲ್ಲ ಎಂದು ಆಮೇಲೆ ಅನ್ನಿಸಿತು.

ಸಾಯಿಸುವುದಕ್ಕೂ ಒಂದು ಕ್ರಮವಿತ್ತು. ಸತ್ತ ಹುಳು ಕೆಡದ ಹಾಗೆ ಇಡುವ ಸಾರಾಯದಂಥ ಮದ್ದಿನಲ್ಲಿ ನೇರವಾಗಿ ಹಾಕಿದರೆ ಮೈ ಒಳಗೆ ಎಳೆದುಕೊಂಡು ಬಿಡುತ್ತದೆ, ಕುಯ್ಯಲಾಗುವುದಿಲ್ಲ. ಕಾಯಿಸಿ ಆರಿಸಿದ ನೀರನ್ನು ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಹುಳು ಬಿಟ್ಟು, ಗಾಳಿ ಒಂದಿಷ್ಟೂ ಇಲ್ಲದ ಹಾಗೆ ಮುಚ್ಚಳ ಬಿಗಿಯಬೇಕು. ಕಾಯಿಸಿದ ನೀರಿನಲ್ಲಿ ಉಸಿರಿರುವುದಿಲ್ಲ. ಉಸಿರು ಹುಡುಕಿಕೊಂಡು ಹುಳು ಮೈಯೆಲ್ಲ ಹೊರಗೆ ಚಾಚುತ್ತದೆ, ಚಾಚಿಕೊಂಡೇ ಸಾಯುತ್ತದೆ. ನಾಳೆ ಹೊತ್ತಿಗೆ ಚೆನ್ನಾಗಿ ಸಿಗುತ್ತೆ ಎಂದು ಹುಚ್ಚರಂಗಯ್ಯನವರು ಕೊಬ್ಬರಿಯ ವಿಷಯ ಹೇಳುವ ಹಾಗೆ ಹೇಳಿದರು. ಕಾಯಿಸಿ ಆರಿಸಿದ ನೀರಿದೆಯಾ ಎಂದು ಒಳಗೆ ಕೇಳಿದರು. ಇತ್ತು. ಪೇಟೆಯವರು ಕಾಯಿಸಿದ ನೀರನ್ನೇ ಕುಡಿಯುತ್ತಾರೆ ಎಂದು ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು ಗುರುಸಿದ್ದಮ್ಮ ಬೆಳಗಿನ ಜಾವವೇ ಎದ್ದು ತಾಮ್ರದ ಚೊಂಬಿನಲ್ಲಿ ಕುದಿಸಿ, ಬಟ್ಟೆ ಕಟ್ಟಿ, ಒದ್ದೆ ಮರಳಿನ ಮೇಲೆ ಆರಲು ಇಟ್ಟಿದ್ದಳು. ಅದನ್ನೇ ತಂದು ಎರಡು ಕೈಯಲ್ಲಿ ಕೊಟ್ಟಳು. ಕುಡಿಯುವುದನ್ನು ನೋಡಿದರೆ ದೃಷ್ಟಿಯಾದೀತು ಎನ್ನುವ ಹಾಗೆ ತಕ್ಷಣ ಒಳಗೆ ಹೋದಳು. ಬಾಟಲಿ ತುಂಬಿ, ಎಡದ್ದನ್ನು ಅದರೊಳಗೆ ಬಿಟ್ಟು, ಮುಚ್ಚಳ ತಿರುಗಿಸಿ, ಜಗಲಿಯ ಕಂಬದ ನೆರಳಿಗೆ ಇಟ್ಟು, ಅತಿಥಿಗಳು ಕೈಕಾಲು ತೊಳೆದು ಒಳಗೆ ಎಲೆಯ ಮುಂದೆ ಕೂತರು. ಒಬ್ಬಟ್ಟು, ಕಾಯಿಹಾಲು, ಮಾವಿನಕಾಯಿ ಚಿತ್ರಾನ್ನ. ಕಾಡಸಿದ್ದಪ್ಪನನ್ನೂ ಕರೆದರು. ನಿಮ್ಮದು ಆಗಲಿ, ನಾನು ಆಮೇಲೆ ಎಂದು ಅವನು ಬಾಟಲಿಯ ಪಕ್ಕದಲ್ಲೇ ಕೂತ.

ಮೊದಲು ಹುಳು ಸುಮ್ಮನೆ ತಳದಲ್ಲಿತ್ತು. ಆಮೇಲೆ ನಿಧಾನವಾಗಿ ಹೊರಗೆ ಬಂತು. ಮೊರದ ಮೇಲೆ ಬಂದದ್ದಕ್ಕಿಂತ ಹೆಚ್ಚು ಬಂತು, ತನ್ನ ಚಿಪ್ಪಿನಲ್ಲಿ ಇಷ್ಟೊಂದು ಇತ್ತೇ ಎಂದು ತಾನೇ ಆಶ್ಚರ್ಯಪಟ್ಟ ಹಾಗೆ. ಗಾಜಿನ ಒಳಗಡೆ ಹತ್ತುತ್ತ ಕೊಂಬಿನ ತುದಿಯ ಕಪ್ಪು ಚುಕ್ಕೆಗಳಲ್ಲಿ ಆಚೆ ಈಚೆ ನೋಡಿತು. ಕಾಡಸಿದ್ದಪ್ಪ ಬೆರಳನ್ನು ಗಾಜಿನ ಮೇಲೆ ಇಟ್ಟಿದ್ದ. ಕೊಂಬು ಬಂದು ಸರಿಯಾಗಿ ಬೆರಳಿದ್ದ ಕಡೆಯೇ ಮುಟ್ಟಿ, ಗಾಜು ತಾಗಿ ಮಡಿಸಿಕೊಂಡಿತು. ಅಪ್ಪ ಸಾಯುವಾಗ ಕೈ ಹೀಗೇ ಗೋಡೆಯನ್ನು ಸವರಿತ್ತು. ಆ ಕಡೆ ಗೋಡೆ ಕಣಪ್ಪ, ಈ ಕಡೆ ನಾನಿದೀನಿ ಎಂದು ಕೈ ಹಿಡಿದಿದ್ದ. ತೋಂಟದಾರ್ಯ ಅಷ್ಟರಲ್ಲಿ ಪಾಲಿನ ಪತ್ರ ಬರೆಯುವವರನ್ನು ಕರೆತರಲು ಹೋಗಿದ್ದ. ಅಪ್ಪ ಕೊನೆಗೆ ಕರೆದದ್ದು ಯಾರನ್ನು, ಮಗನನ್ನೋ ತನ್ನ ಅಪ್ಪನನ್ನೋ ಗೊತ್ತಿಲ್ಲ, ಇಬ್ಬರ ಹೆಸರೂ ಒಂದೇ ಆಗಿತ್ತು. ಕಾಡಸಿದ್ದಾ ಎಂದು ಕರೆದು ಬಾಯಿ ತೆರೆದುಕೊಂಡೇ ಉಳಿದ. ಇನ್ನು ಮೇಲೆ ಆ ಹೆಸರು ಎಲ್ಲಿರುತ್ತದೆ? ಒಂದು ಬಾಟಲಿಯಲ್ಲಿ, ಮದ್ದಿನ ವಾಸನೆಯಲ್ಲಿ, ಮೈಯೆಲ್ಲ ಹೊರಗೆ ಚಾಚಿಕೊಂಡು, ಹೊಟ್ಟೆ ಕುಯಿಸಿಕೊಂಡು. ಕಾಲೇಜಿನ ಹುಡುಗರು ಚಿಮಟದಲ್ಲಿ ಎತ್ತಿ ಕಾಡಸಿದ್ದಪ್ಪೈ ಅನ್ನುತ್ತಾರೆ. ಲೋಕ ಇರೋವರೆಗೂ ಹಾಗೇ. ಹುಳು ಮೇಲೆ ಹತ್ತಿ ಮುಚ್ಚಳದ ಅಂಚನ್ನು ತಡವುತ್ತಿತ್ತು. ಒಳಗೆ ದೊಡ್ಡ ಮೇಷ್ಟ್ರು ಕಾಯಿಹಾಲನ್ನು ಸೊರ್ ಎಂದು ಕುಡಿಯುವುದು ಕೇಳುತ್ತಿತ್ತು.

ಗುರುಸಿದ್ದಮ್ಮ ಖಾಲಿ ಚೊಂಬು ತೆಗೆದುಕೊಂಡು ಹೋಗಲು ಬಂದಳು. ಅವರು ಒಳಗೆ ಸೇದಿದ ನೀರನ್ನೇ ಕುಡೀತಾವ್ರಲ್ಲ, ಕಾಯಿಸಿದ್ದು ಎಲ್ಲಿ ಹೋಯ್ತು ಎಂದು ಕೇಳುತ್ತ ಬಂದವಳು ಬಾಟಲಿ ನೋಡಿದಳು. ಒಳಗಿನ ಹುಳು ನೋಡಿದಳು. ಗಂಡನ ಮುಖ ನೋಡಲಿಲ್ಲ.

‘ನಾನು ಕುಡಿಯಾಕೆ ಅಂತ ಕಾಯಿಸಿದ್ದು ಕಣ್ರೀ’ ಅಂದಳು.

ಅಷ್ಟೇ ಅಂದು, ಮಜ್ಜಿಗೆ ಬಡಿಸಲು ಹೋದಳು. ಬೈದಿದ್ದರೆ ಇವನು ಉತ್ತರ ಹೇಳುತ್ತಿದ್ದ. ಉತ್ತರ ಬೆಳಗಿನಿಂದ ತಯಾರಾಗಿತ್ತು, ವಿದ್ಯೆಗೆ ಬೇಕು, ದೊಡ್ಡವರು ಕೇಳುತ್ತಾರೆ, ಒಂದು ಹುಳುವಿನಿಂದ ಏನಾಗುತ್ತದೆ. ಅವಳು ಬೈಯಲಿಲ್ಲವಾದ್ದರಿಂದ ಆ ಉತ್ತರವೆಲ್ಲ ಅವನ ಬಾಯಲ್ಲೇ ಹಳಸಿತು. ಮುಚ್ಚಳ ತಿರುಗಿಸಿದ. ಬಿಗಿಯಾಗಿತ್ತು, ಒಗೆದ ಪಂಚೆಯ ಚುಂಗು ಹಿಡಿದು ತಿರುಗಿಸಿದ. ಹುಳುವನ್ನು ಎತ್ತಿ ಅಂಗೈಮೇಲೆ ಇಟ್ಟುಕೊಂಡು, ಬಗ್ಗಿ, ಕಳ್ಳನ ಹಾಗೆ ಹಿತ್ತಿಲ ದಾರಿಯಿಂದ ತೋಟದ ಬದುವಿನವರೆಗೂ ಹೋದ. ತಂಪಿರುವುದು ಅಲ್ಲಿಯೇ, ಮಟ್ಟೆ ರಾಶಿಯ ಕೆಳಗೆ. ಬಿಡುವ ಮೊದಲು ಅವನಿಗೆ ಏನೋ ಒಂದು ಆಸೆ ಬಂತು. ಯಾರೂ ಇಲ್ಲ ಎಂದು ಸುತ್ತ ನೋಡಿ ಹುಳುವನ್ನು ಬಾಯಿಯ ಹತ್ತಿರ ತಂದ. ಕಿವಿ ಎಲ್ಲಿ ಎಂದು ಹುಡುಕಿದ. ಈ ಜೀವಕ್ಕೆ ಕಿವಿ ಇದ್ದ ಹಾಗೆ ಕಾಣಲಿಲ್ಲ. ಆದರೂ ಮೆಲ್ಲಗೆ, ತೊಟ್ಟಿಲ ಮುಂದೆ ಹೇಳುವ ಹಾಗೆ, ಕಾಡಸಿದ್ದಪ್ಪ ಎಂದು ಒಂದು ಸಲ ಹೇಳಿ, ಮಟ್ಟೆಯ ಕೆಳಗೆ ಬಿಟ್ಟು ಬಂದ. ಜಗಲಿಗೆ ಬಂದು ಮುಚ್ಚಳವನ್ನು ಸಡಿಲವಾಗಿ ಇಟ್ಟು, ಕಂಬಕ್ಕೆ ಒರಗಿ, ತೂಕಡಿಸಿದವನ ಹಾಗೆ ಕಣ್ಣು ಮುಚ್ಚಿದ.

ಬಾಟಲಿಯಲ್ಲಿ ನೀರಷ್ಟೇ ಇರುವುದನ್ನು ಕಂಡು ಹುಚ್ಚರಂಗಯ್ಯನವರು ಜಗಲಿಯ ಮೇಲೆ ಮಂಡಿಯೂರಿ ತಡಕಿದರು, ಕಂಬ ನೋಡಿದರು, ತೊಲೆ ನೋಡಿದರು. ಮುಚ್ಚಳ ಸಡಿಲ ಇತ್ತೇನೋ, ನನಗೆ ಕಣ್ಣು ಹತ್ತಿಬಿಟ್ಟಿತ್ತು ಎಂದ ಕಾಡಸಿದ್ದಪ್ಪ. ಬಸವನ ಹುಳು ಓಡಿಹೋಗುವಷ್ಟು ಹೊತ್ತು ನಿದ್ದೆ ಮಾಡಿದಿರಾ ಎಂದು ದೊಡ್ಡ ಮೇಷ್ಟ್ರು ಕೇಳಿದರು. ಇವನ ಪಂಚೆಯ ಚುಂಗು ಒದ್ದೆಯಾಗಿದ್ದುದನ್ನು ಅವರು ನೋಡಿದರೋ ಇಲ್ಲವೋ. ಹುಚ್ಚರಂಗಯ್ಯನವರಿಗೆ ಅಳು ಬರುವುದೊಂದು ಬಾಕಿ. ಹೋಗಲಿ ಬಿಡಿ ಮೇಷ್ಟ್ರೇ, ಮಳೆಗಾಲಕ್ಕೆ ಬನ್ನಿ ಎಂದು ಇವನು ಸಮಾಧಾನ ಹೇಳುತ್ತಿರುವಾಗಲೇ ಜೀಪಿನ ವಾಸನೆ ಹಿಡಿದು ತೋಂಟದಾರ್ಯ ಬಂದ, ಹೆಗಲ ಮೇಲೆ ಟವೆಲು, ಬಾಯಲ್ಲಿ ಎಲೆಅಡಿಕೆ. ಕೈ ಮುಗಿದು, ಏನು ಕಳ್ಕೊಂಡ್ರಿ ಸ್ವಾಮಿ ಎಂದು ವಿಚಾರಿಸಿದ. ಎಡಕ್ಕೆ ಸುತ್ತಿರುವುದು, ಪಟ್ಟೆ ಇರುವುದು ಎಂದು ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದರು.

‘ಅಯ್ಯೋ, ಅದೇನ್ ಕಂಡಿಲ್ವಾ ಸ್ವಾಮಿ? ನಮ್ ಪಾಲಿನ ತೋಟದಾಗೆ ಹೆಂಗ್ ಬೇಕೋ ಹಂಗೆ ಬಿದ್ದವೆ. ಬನ್ನಿ, ಬೊಗಸೆ ತುಂಬ ಕೊಡ್ತೀನಿ’ ಅಂದ ತೋಂಟದಾರ್ಯ. ಅಣ್ಣನ ಕಡೆ ತಿರುಗಿ, ‘ಯಾಕಣ್ಣ, ನೀನ್ ಹೇಳ್ಲಿಲ್ವಾ?’ ಅಂದ.

ದೊಡ್ಡ ಮೇಷ್ಟ್ರು ಕಾಡಸಿದ್ದಪ್ಪನನ್ನು ನೋಡಿದರು. ಲೋಕದಲ್ಲೆಲ್ಲ ಈ ತೋಟ ಒಂದರಲ್ಲೇ ಅಂದಿದ್ದಿರಿ ಎಂದು ಅವರು ಕೇಳಲಿಲ್ಲ; ಕೇಳದೆ ಬರೀ ಕನ್ನಡಕ ಸರಿಮಾಡಿಕೊಂಡದ್ದೇ ಸಾಕಾಯಿತು. ಎಲ್ಲರೂ ಬದು ದಾಟಿ ಹೋದರು. ಹೋಗುವಾಗ ಹುಚ್ಚರಂಗಯ್ಯನವರು ಬಾಟಲಿಯನ್ನು, ಅದರಲ್ಲಿದ್ದ ನೀರನ್ನು ಚೆಲ್ಲದೆ, ಹಾಗೇ ಎತ್ತಿಕೊಂಡರು. ಕಾಯಿಸಿದ ನೀರು ಮತ್ತೆಲ್ಲಿ ಹುಡುಕುವುದು. ಗುರುಸಿದ್ದಮ್ಮ ಬಾಗಿಲ ಸಂದಿಯಿಂದ ಆ ಬಾಟಲಿ ಬದು ಹತ್ತಿ ಇಳಿಯುವವರೆಗೂ ನೋಡಿದಳು. ಆಚೆಯಿಂದ ತೋಂಟದಾರ್ಯನ ದನಿ, ಇಗಾ ಇಲ್ಲೊಂದು, ಇಗಾ ಇಲ್ಲೊಂದು ಎಂದು ಕೇಳುತ್ತಿತ್ತು. ಆ ಮಟ್ಟೆ ರಾಶಿಗೆ ಅವರ ಕೈ ಬಾರದಿರಲಿ ಎಂದು ಕಾಡಸಿದ್ದಪ್ಪ ಅಂದುಕೊಂಡ. ಅಂದುಕೊಂಡು, ಇನ್ನು ಬೇರೆ ಯಾವ ಹುಳುವಿನ ಮೇಲೆ ಬಂದರೂ ಪರವಾಗಿಲ್ಲ ಎಂದು ತಾನು ಅಂದುಕೊಂಡ ಹಾಗಾಯಿತಲ್ಲ ಎಂದು ನಾಚಿದ. ಮೊರದ ಮೇಲೆ ಉಳಿದಿದ್ದ ಬಲಸುತ್ತಿನವನ್ನು ಗುರುಸಿದ್ದಮ್ಮ ಮಾತಿಲ್ಲದೆ ಸೆರಗಿಗೆ ಹಾಕಿಕೊಂಡು ತಿಪ್ಪೆಯ ಪಕ್ಕದ ತಂಪಿಗೆ ಹೋದಳು. ಅರಳಗುಪ್ಪೆಯ ಚೀಟಿಯಲ್ಲಿ ಅರ ಅನ್ನುವುದಷ್ಟೇ ಉಳಿದಿತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ಸುದ್ದಿ ಬಂತು. ಸುದ್ದಿ ತಂದವನು ತೋಂಟದಾರ್ಯನೇ. ಕಾಲೇಜಿನವರು ಅಚ್ಚು ಹಾಕಿಸಿ ಕಳಿಸಿದ್ದಾರೆ, ಹುಳುವಿನ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಹೆಸರು, ಪ್ರವೀಣನ ಅಮ್ಮ ಓದಿ ಹೇಳಿದಳು, ತೋಂಟದಾರ್ಯೈ ಅಂತ. ತಿಪಟೂರಿನ ಸಂತೆಯಲ್ಲಿ ಕೊಬ್ಬರಿ ಮಂಡಿಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರಂತೆ. ಅವನು ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ಅಪ್ಪನ ಫೋಟೋದ ಪಕ್ಕದಲ್ಲಿ ನೇತುಹಾಕಿದ. ಕಾಡಸಿದ್ದಪ್ಪ ಹೋಗಿ ನೋಡಿ, ಚೆನ್ನಾಗೈತೆ ಅಂದ. ಕೊಟ್ಟ ಒಬ್ಬಟ್ಟು ತಿಂದ. ಬೆನ್ನು ಸವರಿಸಿಕೊಂಡ. ಮೊಮ್ಮಗ ಪ್ರವೀಣ ಅಷ್ಟು ಹೊತ್ತಿಗೆ ಮಾತು ಕಲಿತಿದ್ದ. ಹುಳು ತಾತ, ಹುಳು ತಾತ ಎಂದು ತನ್ನ ತಾತನ ಮಂಡಿ ಹಿಡಿದು ಜಗ್ಗುತ್ತಿದ್ದ. ತೋಂಟದಾರ್ಯ ಎಲ್ಲರ ಮುಂದೆ ನಕ್ಕ, ಆಮೇಲೆ ಸೊಸೆಯ ಕಡೆ ಒಂದು ನೋಟ ನೋಡಿದ. ಕಾಡಸಿದ್ದಪ್ಪ ಕಾಲಿಗೆ ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿ, ಬಹಳ ಹೊತ್ತು ಹುಡುಕಿದ.

ಸೋನೆ ಬಿದ್ದು ನಿಂತ ಒಂದು ಬೆಳಿಗ್ಗೆ ಗುರುಸಿದ್ದಮ್ಮ ಬಸಳೆ ಚಪ್ಪರದಿಂದ ಕೂಗಿದಳು.

‘ಬನ್ನಿ ಇಲ್ಲಿ, ನಿಮ್ ತಮ್ಮ ಬಂದವ್ರೆ. ಎಲೆಯೆಲ್ಲ ತೂತು ಮಾಡಿ ತಿಂತಾವ್ರೆ.’

ಮದುವೆಯಾದಾಗಿನಿಂದ ಅವಳು ಮೈದುನನ ಮೇಲೆ ಅಂದ ಮೊದಲನೇ ಮಾತು ಅದು. ಕಾಡಸಿದ್ದಪ್ಪ ಹೋಗಿ ನೋಡಿದ. ಎಡಕ್ಕೆ ಸುತ್ತಿದ್ದು, ಪಟ್ಟೆಯದು, ಎಲೆಯ ಮೇಲೆ ಮೈ ಬಿಟ್ಟುಕೊಂಡು ತಿನ್ನುತ್ತಿತ್ತು. ಅದೇ ಇರಬಹುದು, ಬೇರೆಯೂ ಇರಬಹುದು. ಎತ್ತಿಕೊಂಡ. ಕೊಂಬು ಎಳೆದುಕೊಂಡಿತು, ಮೈ ಎಳೆದುಕೊಂಡಿತು, ಅಂಗೈಮೇಲೆ ಬರೀ ಚಿಪ್ಪು ಉಳಿಯಿತು. ಬದುವಿನವರೆಗೂ ನಡೆದ. ಆಚೆಗೆ ಎಸೆದರೆ ಆಯಿತು, ಹೆಸರಿನವರ ತೋಟ ಹೆಸರಿನವರಿಗೆ. ತೋಳು ಎತ್ತಿಯೂ ಎತ್ತಿದ. ಆದರೆ ಕೈಗೆ ತನ್ನದೇ ಒಂದು ರೂಢಿ. ಅದು ಎಸೆಯುವ ಬದಲು ಕಿವಿಯ ಹತ್ತಿರ ಹೋಯಿತು. ಕುಲುಕಿದ. ಸದ್ದಿಲ್ಲ. ಇನ್ನೊಂದು ಸಲ ಕುಲುಕಲಿಲ್ಲ. ಸುಮ್ಮನೆ ಕಿವಿಗೆ ಹಿಡಿದುಕೊಂಡು ನಿಂತ. ಅಷ್ಟು ದೂರ ಹೋಗಿ ಏನು ಮಾಡ್ತಾ ಇದೀರಿ ಎಂದು ಹಿಂದಿನಿಂದ ಗುರುಸಿದ್ದಮ್ಮ ಕೇಳಿದಳು.

‘ಇನ್ನೂ ನೀರೈತೆ ಕಣೇ’ ಅಂದ ಕಾಡಸಿದ್ದಪ್ಪ. ‘ಇರ್ಲಿ ಬುಡು.’

ಬಗ್ಗಿ, ಬದುವಿನ ಈಚೆಗೆ, ತನ್ನ ಪಾಲಿನ ಮಟ್ಟೆಯ ಕೆಳಗೆ ಅದನ್ನು ಇಟ್ಟು, ಅಂಗೈಯ ಅಂಟನ್ನು ಪಂಚೆಗೆ ಒರೆಸಿಕೊಂಡ.